ಸೆರಗು ಬೆಳಕಿಗೆ, ಮುಖ ಗೋಡೆಗೆ

ಬರ್ಮಿಂಗ್‌ಹ್ಯಾಮಿನ ನನ್ನ ಸೀರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಬೊಂಬೆಗಳಿಲ್ಲ, ವನಜಾಕ್ಷಿ ಇದ್ದಾರೆ. ಅರವತ್ತರ ಹತ್ತಿರದ ಹೆಂಗಸು. ಗಿರಾಕಿ ಒಂದು ಸೀರೆಯನ್ನು ಎರಡು ಸಲ ಮುಟ್ಟಿದರೆ ಸಾಕು, ಅದನ್ನು ಮೈಮೇಲೆ ಹೊದ್ದು ಮೆಲ್ಲನೆ ಬೆನ್ನು ತಿರುಗಿಸುತ್ತಾರೆ. ಸೆರಗು ಬೆಳಕಿಗೆ, ಮುಖ ಗೋಡೆಗೆ. ಜನ ಕೊಳ್ಳುವುದು ಸೀರೆಯನ್ನು, ನಿಮ್ಮನ್ನಲ್ಲ ಎಂದು ಕಲಿಸಿದವನು ನಾನೇ.

ನನಗಿಂತ ಮೊದಲು ಮಂಗಳೂರಿನ ಜವಳಿ ಅಂಗಡಿಯೊಂದು ಇದನ್ನೇ ಕಲಿಸಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಅದರ ಕ್ಯಾಲೆಂಡರಿಗೆ ಮಾಡೆಲ್ ಆಗಿದ್ದರು. ಅಚ್ಚಾದದ್ದು ಒಂದು ಜಡೆ, ಒಂದು ಸೆರಗು ಮಾತ್ರ. ಸೆಲ್ಲಿ ಓಕ್ ಬಡಾವಣೆಯ ಅವರ ಮನೆಯ ಗೋಡೆಯಲ್ಲಿ ಅದಿನ್ನೂ ತೂಗುತ್ತದೆ. ನೋಡಿದಾಗಲೆಲ್ಲ ಮಗಳು ಸ್ವಸ್ತಿಕಾಳದ್ದು ಒಂದೇ ಮಾತು: “ಅಮ್ಮಾ, ದಟ್ ಕುಡ್ ಬಿ ಎನಿವನ್.”

ಕಳೆದ ವರ್ಷ ಸಿನಿಮಾದವರು ಹಳೆಯ ರೇಷ್ಮೆ ಸೀರೆ ಹುಡುಕಿಕೊಂಡು ಬಂದರು. ಹಳೆಯ ಹಾಲಿವುಡ್ಡಿನ ಕಥೆಯಂತೆ. ಬಟ್ಟೆ ಜಾಹೀರಾತಿಗೆ ನಿಲ್ಲುತ್ತಿದ್ದ ಹುಡುಗಿ ತಾರೆಯಾಗುತ್ತಾಳೆ. ಔತಣದ ದೃಶ್ಯಕ್ಕೆ ಸೀರೆಯುಟ್ಟ ಅತಿಥಿಯೊಬ್ಬಳು ಬೇಕಿತ್ತು. ಸೀರೆಯ ಜೊತೆಗೆ ಅದರೊಳಗೆ ನಿಂತಿದ್ದ ವನಜಾಕ್ಷಿಯನ್ನೂ ಆರಿಸಿಕೊಂಡರು.

“ದೂಮಣ್ಣ, ಈ ಸಲ ಮುಖ ಬರ್ತದಲ್ಲ?” ಶೂಟಿಂಗಿಗೆ ಹೋಗುವಾಗ ಕಾರಿನಲ್ಲಿ ನನ್ನನ್ನು ಮೂರು ಸಲ ಕೇಳಿದರು.

“ಬರ್ತದೆ ಮಾರಾಯ್ರೆ. ನನ್ನ ಸೀರೆಯ ಅಂಚೂ ಸ್ವಲ್ಪ ಬರಲಿ.”

ಮ್ಯಾಂಚೆಸ್ಟರಿನ ಹಳೆಯ ಹೋಟೆಲೊಂದರ ಸಭಾಂಗಣ ಅಂದು ಕ್ಯಾಲಿಫೋರ್ನಿಯಾ. ಕಿಟಕಿಯಾಚೆ ಜಿನುಗು ಮಳೆ, ಒಳಗೆ ದೀಪಗಳ ಜೇನುಬಣ್ಣದ ಬಿಸಿಲು. ನಾಯಕಿ ಕನಸಿನಲ್ಲಿ ನಡೆದಂತೆ ಮೆಟ್ಟಿಲಿಳಿದಳು. ವನಜಾಕ್ಷಿ ಅವಳನ್ನು ನೋಡಿ ನಗಬೇಕಿತ್ತು, ಅಷ್ಟೇ. ಕ್ಯಾಮೆರಾ ಹತ್ತಿರ ಬಂದದ್ದೇ ತಡ, ನಲವತ್ತು ವರ್ಷದ ಅಭ್ಯಾಸ, ಬೆನ್ನು ತಿರುಗಿಸಿ ಸೆರಗು ಹರಡಿದರು. ಎರಡನೆಯ ಸಲವೂ ಹಾಗೆಯೇ. ಇನ್ನೊಂದೇ ಸಲ, ಆಗದಿದ್ದರೆ ಬೇರೆಯವರನ್ನು ನಿಲ್ಲಿಸುತ್ತೇವೆ ಎಂದರು ನಿರ್ದೇಶಕರು. ವನಜಾಕ್ಷಿ ಸೆರಗು ಸರಿಮಾಡಿಕೊಂಡು ಮತ್ತೆ ನಿಂತರು.

ಮೂರನೆಯ ಸಲ. ಭುಜ ಮತ್ತೆ ತಿರುಗತೊಡಗಿತು. ಈ ದೃಶ್ಯಕ್ಕೆ ಧ್ವನಿ ಆಮೇಲೆ ಸೇರಿಸುತ್ತಾರೆಂದು ಕೇಳಿದ್ದೆ. ಕ್ಯಾಮೆರಾದ ಪಕ್ಕದಿಂದ ಕೂಗಿಯೇಬಿಟ್ಟೆ:

“ವನಜಕ್ಕಾ, ಸೀರೆ ಮಾರಿ ಆಯ್ತು! ಇನ್ನು ಈಚೆ ನೋಡಿ!”

ಥಟ್ಟನೆ ತಿರುಗಿದರು. ಅವರಿಗೆ ನಗು ತಡೆಯಲಾಗಲಿಲ್ಲ.

ಮೊನ್ನೆ ಥಿಯೇಟರಿನಲ್ಲಿ ಆ ನಗು ಗೋಡೆಯಗಲ ತೇಲಿತು. ಎರಡೇ ಸೆಕೆಂಡು. “ಅಮ್ಮಾ! ಇಟ್ಸ್ ಯು!” ಎಂದು ಸ್ವಸ್ತಿಕಾ ಕಿರುಚಿದಳು. ಪರದೆಯ ಬೆಳಕು ವನಜಾಕ್ಷಿಯ ಮುಖದ ಮೇಲೆ ಬಹಳ ಹೊತ್ತು ಆಡುತ್ತಿತ್ತು.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, “ನಮ್ಮ ಸೀರೆಯ ಅಂಚು ಕಾಣ್ತಿತ್ತಾ?”

ಮೂವತ್ತು ವರ್ಷದ ಸೀರೆ ವ್ಯಾಪಾರಿ ನಾನು. ನೋಡಲು ಮರೆತಿದ್ದೆ.