ಬಾರಿ ಕಂಟಿಯೊಳಗಿನ ನಾಲ್ಕು ಗೂಟ

ರೇಣುಕಾ, ಎಕಂಬಾದಲ್ಲಿ ನೀನು ಹುಡುಕಿದ ಜಾಗವೇ ಸರಿ. ಬೇರೆ ಜಾಗದಲ್ಲಿ ಗೂಟ ಹೊಡೆದು, ಅದನ್ನೇ ಹಳೆಯ ಜಾಗ ಎಂದು ಬರೆದವಳು ನಾನು. ತಿಳಿಯದೆ ಅಲ್ಲ—ತಿಳಿದೇ.

ಇದನ್ನು ನಿನ್ನೆದುರು ಕೂತು ಹೇಳಬೇಕಿತ್ತು. ಆದರೆ ನನ್ನ ಸ್ವಭಾವ ನನಗೆ ಗೊತ್ತು. ಹುಲ್ಲಿನ ಬಗ್ಗೆ ಒಂದು ತಾಸು ಮಾತಾಡಿ ಎದ್ದು ಬಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದ ಹಿಂದೆ ಸಂಶೋಧನೆಗೆ ಸೇರಿದಾಗ ನನಗಿದ್ದದ್ದು ಒಂದೇ ಪ್ರಶ್ನೆ. ನೆಲವನ್ನು ಅದರ ಪಾಡಿಗೆ ಬಿಟ್ಟರೆ ಯಾವ ಗಿಡ ಮೊದಲು ಬರುತ್ತದೆ, ಅದರ ಜಾಗಕ್ಕೆ ಆಮೇಲೆ ಯಾವುದು ಬರುತ್ತದೆ? ಮೂರು ಕಡೆ ನೋಡಿದೆ. ಬೀದರಿನ ಕೆಂಪುಕಲ್ಲಿನ ಬಯಲಿನಲ್ಲಿ ಮಣ್ಣು ಬೆರಳುದ್ದವೂ ಇಲ್ಲ. ಮಳೆಗೆ ಪುಟ್ಟ ಗಿಡಗಳು ಏಳುತ್ತವೆ, ಹೂಬಿಡುತ್ತವೆ, ಒಣಗುತ್ತವೆ, ಮರುವರ್ಷವೂ ಹೆಚ್ಚುಕಡಿಮೆ ಅವೇ. ಭಾಲ್ಕಿಯ ಕೆರೆಯಂಚಿನಲ್ಲಿ ನೀರು ಹಿಂದೆ ಸರಿದಂತೆ ತಿಂಗಳಿಗೊಂದು ಬಗೆಯ ಹಸಿರು. ಔರಾದ ತಾಲ್ಲೂಕಿನ ಎಕಂಬಾದ ಬೀಳು ಹೊಲ ಮಾತ್ರ ತನ್ನ ಗುಟ್ಟನ್ನು ನಿಧಾನವಾಗಿ ಬಿಡುವಂಥದ್ದು. ಅಲ್ಲಿ ಒಂದು ಮೀಟರಿನ ಚೌಕ ಅಳೆದು, ನಾಲ್ಕು ಮೂಲೆಗೆ ನೀಲಿ ಬಣ್ಣ ಬಳಿದ ಕಬ್ಬಿಣದ ಗೂಟ ಹೊಡೆದೆ. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅದೇ ಚೌಕದೊಳಗಿನ ಒಂದೊಂದು ಗಿಡವನ್ನೂ ಎಣಿಸಬೇಕು. ಅದೇ ಚೌಕ—ಇಡೀ ಕೆಲಸ ನಿಂತಿರುವುದು ಇದೊಂದರ ಮೇಲೆ.

ಆ ಹೊಲದ ಸುತ್ತ ಕುರಿ ಮೇಯಿಸುತ್ತಿದ್ದ ಶರಣಮ್ಮ ಆಯಿ ಮೊದಲ ದಿನವೇ ನನ್ನನ್ನು ನೋಡಿ ನಕ್ಕಿದ್ದರು. "ಇಷ್ಟ ಸಾಲಿ ಕಲ್ತು ಹುಲ್ಲ ಎಣಿಸ್ಲಿಕ್ಕಿ ಬಂದೀಯೇನ ತಂಗಿ? ನಮ್ಮ ಕುರಿ ನೋಡು, ಎಣಿಸ್ದೇ ತಿಂತಾವ."

ಮೊದಲ ಎಣಿಕೆಯಲ್ಲಿ ಉತ್ತರಾಣಿ, ತುಂಬೆ, ಪಾರ್ಥೇನಿಯಂ. ಎರಡು ವರ್ಷದ ಮೇಲೂ ಅವೇ—ನಡುವೆ ಗೇಣುದ್ದದ ಒಂದು ಬಾರಿ ಸಸಿ, ಬೋರೆಹಣ್ಣಿನದು. ನಾಲ್ಕನೆಯ ವರ್ಷ ಹೋದಾಗ ಗೂಟಗಳು ಕಾಣಲಿಲ್ಲ.

"ಎಲ್ಲಿ ಹುಡಕ್ಲತ್ತಿದಿ?" ಎಂದು ಆಯಿ ಕೋಲು ತೋರಿಸಿದರು. "ನಿನ್ನ ಗೂಟಾ ಆ ಬಾರಿ ಕಂಟಿ ಒಳಗ ಅವ. ಕೈ ಜ್ವಾಕಿ ನೋಡ, ಮುಳ್ಳ ಭಾಳ ಅವ."

ಅತ್ತ ನೋಡಿದೆ. ಸೊಂಟದೆತ್ತರದ ಮುಳ್ಳಿನ ಪೊದೆ. ನನಗೆ ಬೇಕಿದ್ದದ್ದು ಹುಲ್ಲು. ಕಳೆಗಳು ಹೋಗಿ, ವರ್ಷವರ್ಷವೂ ಅದೇ ಬೇರಿನಿಂದ ಚಿಗುರುವ ಹುಲ್ಲು ಬರಬೇಕು—ಹಾಗೆಂದು ನಾನು ಮೊದಲೇ ತೀರ್ಮಾನಿಸಿದ್ದೆ, ಪ್ರಬಂಧದಲ್ಲಿ ಅದಕ್ಕೊಂದು ಚಿತ್ರವನ್ನೂ ಬರೆದಿಟ್ಟುಕೊಂಡಿದ್ದೆ. ಇಪ್ಪತ್ತು ಹೆಜ್ಜೆ ಆಚೆ ಅಂಥದೇ ಹುಲ್ಲು ದಟ್ಟವಾಗಿ ನಿಂತಿತ್ತು. ನಾನು ಅಲ್ಲಿಗೆ ಹೋದೆ.

"ಅಲ್ಲಿ ಹೋದ ವರ್ಷ ನಮ್ಮ ಕುರಿ ಕೂಡ್ಸಿದ್ವಿ ತಂಗಿ," ಎಂದು ಆಯಿ ಕೂಗಿದರು. "ಹಿಕ್ಕಿ ಬಿದ್ದ ನೆಲ, ಹುಲ್ಲ ಬರ್ದೇ ಏನ ಮಾಡ್ತದ?"

ಕೇಳಿಸಿತು. ಹಿಂಡನ್ನು ವಾರಗಟ್ಟಲೆ ಒಂದೇ ಕಡೆ ಕೂಡಿಸಿ ಗೊಬ್ಬರ ಮಾಡುವುದು ನಮ್ಮ ಕಡೆಯ ರೂಢಿ. ಆ ಹುಲ್ಲು ವರ್ಷಗಳ ಕೆಲಸವಲ್ಲ, ಕುರಿಗಳ ಕೆಲಸ ಎಂಬುದು ನನಗೂ ತಿಳಿಯಿತು. ಚೀಲದಲ್ಲಿ ಹೊಸ ಗೂಟಗಳಿದ್ದವು. ಹೊಡೆದೆ. ಎಣಿಸಿದೆ. ಮುಗಿದ ಮೇಲೆ ಕಿತ್ತುಕೊಂಡೆ. ಬೀದರಿನಿಂದ ನನ್ನ ಮಾರ್ಗದರ್ಶಕರು ಫೋನಿನಲ್ಲಿ ಕೇಳಿದರು, "ಅದೇ ಜಾಗಾ ಅದ ಅಲ್ಲಾ?"

"ಹೌದ್ರಿ ಸರ್. ಅದೇ ಜಾಗಾ."

ಅಷ್ಟೇ. ಪದವಿ ಬಂತು. ಭಾಲ್ಕಿಯ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಆ ಕೋಷ್ಟಕವನ್ನು ನಿನ್ನ ತರಗತಿಯಲ್ಲಿ ಹಲಗೆಯ ಮೇಲೆ ಬರೆದೆ. ಮೊದಲ ಬೆಂಚಿನಲ್ಲಿ ಕೂತು ನೀನು ಅದನ್ನು ತಪ್ಪಿಲ್ಲದೆ ಬರೆದುಕೊಂಡೆ.

ಈಗ ನೀನೂ ನನಗೆ ಪದವಿ ಕೊಟ್ಟ ವಿಶ್ವವಿದ್ಯಾಲಯದಲ್ಲೇ ಸಂಶೋಧಕಿ. ನನ್ನ ಚೌಕಗಳನ್ನೇ ಮತ್ತೆ ಎಣಿಸುತ್ತಿದ್ದೀಯ. ಮೊದಲ ವರ್ಷದ ನನ್ನ ಅಳತೆ ಹಿಡಿದು ಹೋದರೆ ಎಕಂಬಾದಲ್ಲಿ ನಿನಗೆ ಸಿಕ್ಕದ್ದು ಮುಳ್ಳಿನ ಕಂಟಿ. ಅದು ನನ್ನ ಹುಲ್ಲಿನ ಲೆಕ್ಕಕ್ಕೆ ಹೊಂದುವುದಿಲ್ಲ, ನೀನೇ ಜಾಗ ತಪ್ಪಿರಬೇಕು ಎಂದು ಸಮಿತಿಯವರು ಹೇಳಿದರು. ನೀನು ನನಗೆ ಬರೆದೆ: "ಅಕ್ಕಾರ, ನನ್ನದೇ ತಪ್ಪ ಇರಬೇಕ್ರಿ. ಎಕಂಬಾದ ಭಾಗ ತೆಗದ್ ಬಿಡ್ತೇನಿ." ನಾನು ಉತ್ತರಿಸಿದೆ: ಇನ್ನೊಮ್ಮೆ ನೋಡೋಣ, ನಾನೂ ಬರುತ್ತೇನೆ. ಅದೂ ಸುಳ್ಳಿನ ಇನ್ನೊಂದು ತುಂಡು.

ಹೋದ ವಾರದ ಆ ಬೆಳಿಗ್ಗೆ, ರೇಣುಕಾ! ನೀನು ಓಢಣಿಯನ್ನು ತಲೆಗೆ ಸುತ್ತಿಕೊಂಡು, ಹೊಟ್ಟೆಯ ಮೇಲೆ ತೆವಳಿ ಕಂಟಿಯೊಳಗೆ ನುಗ್ಗಿದೆ. "ಅಕ್ಕಾ, ಸಿಕ್ತರಿ! ನೀಲಿ ಬಣ್ಣಾ ಇನ್ನಾ ಅದರಿ!" ಎಂದೆ. ನಾನೂ ತೆವಳಿ ಬಂದೆ. ಸೀರೆ ಹರಿಯಿತು, ಲೆಕ್ಕಕ್ಕೇ ಬರಲಿಲ್ಲ. ಒಂದು, ಎರಡು, ಮೂರು, ನಾಲ್ಕು ಗೂಟ—ಅವುಗಳ ನಡುವೆ, ಮುಳ್ಳಿನ ನೆರಳಲ್ಲಿ, ಹುಲ್ಲು! ನಾನು ಕದ್ದು ಎಣಿಸಿದ್ದ ಜಾತಿಯೇ. ಹೊರಗೆ ಕುರಿ ಬುಡದವರೆಗೂ ಮೇಯ್ದಿದ್ದವು. ಒಳಗೆ ಅದು ತೆನೆ ತೂಗುತ್ತಿತ್ತು. ಅದರ ಬುಡದಲ್ಲಿ ಬೇವಿನ ಒಂದು ಸಸಿ, ನಾಲ್ಕೇ ಎಲೆ. ಹಕ್ಕಿಯೋ ಕುರಿಯೋ ಬಾರಿಯನ್ನು ತಂದಿತು, ಬಾರಿ ಹುಲ್ಲನ್ನು ಕಾಪಾಡಿತು, ಈಗ ಆ ಹುಲ್ಲಿನ ತಂಪಿನಲ್ಲಿ ಒಂದು ಮರ ಮೊದಲಾಗಿದೆ. ನಾನು ಯಾವುದನ್ನು ಅಡ್ಡಿ ಎಂದುಕೊಂಡು ತಿರುಗಿ ಹೋಗಿದ್ದೆನೋ, ಆ ಮುಳ್ಳೇ ಉತ್ತರವಾಗಿತ್ತು. ಕಾಯದೆ ಕಳೆದುಕೊಂಡದ್ದು ಇಷ್ಟು ಸುಂದರವಾಗಿತ್ತು, ಮತ್ತು ನಾನು—

ನನ್ನ ಬಾಯಿಂದ ಬಂದದ್ದು "ಎಣಿಸು" ಎಂಬ ಒಂದೇ ಮಾತು.

ನಾವು ಹೊರಗೆ ಬಂದಾಗ ಶರಣಮ್ಮ ಆಯಿ ಬಂದು ನಿಂತಿದ್ದರು. "ಈಗ ಸಿಕ್ತೇನ ತಂಗಿ ನಿನ್ನ ಗೂಟಾ? ನಾ ಅವತ್ತೇ ಹೇಳಿದ್ನಲ್ಲ."

"ಯಾವತ್ತ ಹೇಳಿದ್ರಿ ಆಯಿ?" ಎಂದು ನೀನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ನಾನು, "ಬಸ್ಸಿಗೆ ಹೊತ್ತಾಯ್ತು, ನಡಿ" ಎಂದೆ. ನೀನು ನನ್ನನ್ನು ಒಮ್ಮೆ ನೋಡಿದೆ. ಔರಾದದವರೆಗೆ ಎಣಿಕೆಯ ಹಾಳೆ ತಿರುವುತ್ತ ಕೂತೆ. ನನ್ನನ್ನೇ ಕೇಳಿದ್ದರೆ ಚೆನ್ನಾಗಿತ್ತು.

ಬುಧವಾರ ಸಮಿತಿಯ ಮುಂದೆ ನಿನ್ನ ಮಂಡನೆ. ಎಕಂಬಾದ ಒಂದು ಸಾಲನ್ನೂ ತೆಗೆಯಬೇಡ. ನನ್ನ ಮಾರ್ಗದರ್ಶಕರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಅಂದು ಬೀದರಿಗೆ ಬಂದು, ಪ್ರಶ್ನೆ ಎದ್ದಾಗ ಎಲ್ಲರೆದುರು ನಾನೇ ಹೇಳುತ್ತೇನೆ. ನನ್ನ ಪದವಿ ಉಳಿಯುತ್ತದೋ ಇಲ್ಲವೋ, ಅದು ನಿನ್ನ ಚಿಂತೆಯಲ್ಲ. ನನ್ನನ್ನು ಕ್ಷಮಿಸು ಎಂದೂ ಕೇಳುತ್ತಿಲ್ಲ.

ಇದರ ಜೊತೆ, ಹೊಲದಲ್ಲಿ ಎಣಿಕೆ ಬರೆದಿಡುತ್ತಿದ್ದ ನನ್ನ ಹಳೆಯ ಪುಸ್ತಕವಿದೆ. ನಾಲ್ಕನೆಯ ವರ್ಷದ ಪುಟದ ಮೇಲೆ ಗೆರೆ ಎಳೆದು, ಮೊದಲು "ಗೂಟ ಸಿಗಲಿಲ್ಲ" ಎಂದು ಬರೆದೆ. ಓದಿ ನೋಡಿದರೆ ಅದೂ ಸುಳ್ಳು. ಅದನ್ನೂ ಹೊಡೆದುಹಾಕಿದೆ. ಈಗ ಅಲ್ಲಿ ಇರುವುದು ಇಷ್ಟು: ಜಾಗ ತೋರಿಸಿದರು. ಹೋಗಿ ನೋಡಲಿಲ್ಲ. ಎಣಿಸಲಿಲ್ಲ.

ಅದರ ಕೆಳಗಿನ ಸಾಲು ಖಾಲಿ ಇದೆ. ಅಲ್ಲಿ ನಿನ್ನ ಎಣಿಕೆ ಬರೆ.