ಎಂಟು ಗಂಟೆಗೆ ಐದು ಹನಿ

ಕಾಲಕ್ಕೆ ಸರಿಯಾಗಿ ನಡೆದುಕೊಳ್ಳುವುದೇ ನಾಗರಿಕ ಬದುಕಿನ ತಳಹದಿ. ನಮ್ಮ ಮನೆಯ ಬೆಕ್ಕು ಕೂಡ ಇದನ್ನು ಒಪ್ಪುತ್ತದೆ: ಎಂಟು ಗಂಟೆಗೆ ಔಷಧಿ ಎಂದು ಗೊತ್ತಾದರೆ ಏಳು ಐವತ್ತಕ್ಕೆ ಸರಿಯಾಗಿ ಅದು ಮನೆಯಲ್ಲಿರುವುದಿಲ್ಲ.

ಬೆಕ್ಕು ನನ್ನದಲ್ಲ, ಅಕ್ಕನದು. ಕೃಷ್ಣಮೂರ್ತಿಪುರಂನ ಈ ಮನೆಯಲ್ಲಿ ಇರುವವರು ನಾವಿಬ್ಬರು, ಜೊತೆಗೆ ಅದು. ಹದಿಮೂರು ವರ್ಷದಲ್ಲಿ ಅದು ಮಾಡಿದ ಕೆಲಸವೆಂದರೆ ಕಿಟಕಿಯ ಕಟ್ಟೆಯ ಮೇಲೆ ಮಲಗುವುದು, ನಾನು ಹತ್ತಿರ ಹೋದರೆ ಯಾರೋ ಅರ್ಜಿ ಹಿಡಿದು ಬಂದಿದ್ದಾರೆಂಬಂತೆ ಒಂದೇ ಕಣ್ಣು ತೆರೆದು ನೋಡುವುದು. ಕಳೆದ ಮಳೆಗಾಲದಲ್ಲಿ ಅದರ ಎಡಗಿವಿ ಸೋರತೊಡಗಿತು. ತಲೆ ಓರೆ ಮಾಡಿಕೊಂಡೇ ಓಡಾಡುತ್ತಿತ್ತು. ಬುಟ್ಟಿಯಲ್ಲಿ ಹಾಕಿಕೊಂಡು ಆಟೋದಲ್ಲಿ ವಿಜಯನಗರದ ಪಶುವೈದ್ಯರ ಬಳಿಗೆ ಒಯ್ದೆವು. ದಾರಿಯುದ್ದಕ್ಕೂ ಅದು ಅತ್ತದ್ದು ಕೇಳಿ ಆಟೋದವನು ಕನ್ನಡಿಯಲ್ಲಿ ನಮ್ಮನ್ನು ಕಟುಕರಂತೆ ನೋಡಿದ.

ಡಾಕ್ಟರು ಚಿಕ್ಕ ವಯಸ್ಸಿನವರು. "ಬೆಳಿಗ್ಗೆ ಐದು ಹನಿ, ಸಂಜೆ ಐದು ಹನಿ, ಎರಡು ವಾರ. ತಪ್ಪಿಸ್ಬೇಡಿ ಸರ್. ಇದ್ರಲ್ಲಿ ವಾಸಿ ಆಗ್ಲಿಲ್ಲ ಅಂದ್ರೆ ಮತ್ತು ಬರೋ ಇಂಜೆಕ್ಷನ್ ಕೊಟ್ಟು ಕಿವಿ ತೊಳೀಬೇಕಾಗುತ್ತೆ. ಈ ವಯಸ್ಸಲ್ಲಿ ಇಂಜೆಕ್ಷನ್ ಕೊಟ್ರೆ ಮತ್ತೆ ಏಳುತ್ತೆ ಅಂತ ಗ್ಯಾರಂಟಿ ಹೇಳಕ್ಕಾಗಲ್ಲ" ಎಂದರು. ಅಕ್ಕ ಬುಟ್ಟಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆಮೇಲೆ ಅವರು ಹನಿ ಹಾಕುವ ವಿಧಾನವನ್ನು ಮೊಬೈಲಿನಲ್ಲಿ ತೋರಿಸಿದರು. ಅದರಲ್ಲಿ ಯಾವುದೋ ದೇಶದ ಬೆಕ್ಕು ಕ್ಷೌರಕ್ಕೆ ಬಂದ ಗಿರಾಕಿಯಂತೆ ಕಣ್ಣು ಮುಚ್ಚಿ ಕೂತಿತ್ತು. ಅಂಥ ಬೆಕ್ಕಿಗೆ ಕಿವಿನೋವು ಯಾಕೆ ಬರುತ್ತದೋ ದೇವರಿಗೇ ಗೊತ್ತು.

ಮೂವತ್ತು ವರ್ಷ ಕಚೇರಿಯ ಹಾಜರಿ ಪುಸ್ತಕ ನೋಡಿಕೊಂಡವನು ನಾನು. ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂದು ಆಜ್ಞೆ ಹೊರಡಿಸಿದೆ. ಅಕ್ಕ ಗೋಡೆಯ ಕ್ಯಾಲೆಂಡರ್ ಮುಂದೆ ಹೋಗಿ ನಿಂತಳು.

"ಸೋಮವಾರ ಬೆಳಿಗ್ಗೆ ಎಂಟಕ್ಕೆ ರಾಹುಕಾಲ ಕಣೋ. ಬುಧವಾರ ಯಮಗಂಡ. ಶುಕ್ರವಾರ ಗುಳಿಕ. ಗುಳಿಕದಲ್ಲಿ ಔಷ್ದಿ ತಗೊಂಡ್ರೆ ಮತ್ತೆ ಮತ್ತೆ ತಗೋತಾನೇ ಇರ್ಬೇಕಾಗುತ್ತೆ."

"ಬೆಕ್ಕಿಗೆ ಎಲ್ಲಿಯ ರಾಹುಕಾಲ ಅಕ್ಕ?"

"ಇಲ್ಲ ಅಂತ ನಿಂಗ್ಯಾರು ಹೇಳಿದ್ರು? ನಿನ್ನ ಹಾಜರಿ ಪುಸ್ತಕದಲ್ಲಿ ಬರ್ದಿತ್ತಾ?"

ಕ್ಯಾಲೆಂಡರಿನ ಮೂಲೆಯ ಚಿಕ್ಕ ಅಕ್ಷರಗಳನ್ನು ನಂಬಿ ಬದುಕುವವರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಅವತ್ತೇ ಸಾಕಷ್ಟು ಹೇಳಿದ್ದೇನೆ.

ಭಾನುವಾರ ಎಂಟಕ್ಕೆ ಪೇಪರ್ ಮಡಿಸಿ, ಕನ್ನಡಕ ಬದಲಿಸಿ, ಟರ್ಕಿ ಟವೆಲ್ ಕೊಡವಿ, ಬೆಕ್ಕನ್ನು ಅದರಲ್ಲಿ ಸುತ್ತಿ ಐದು ಹನಿ ಬಿಟ್ಟೆ. ಅದು ತಲೆ ಒದರಿತು. ಮೂರು ಹನಿ ನನ್ನ ಕನ್ನಡಕಕ್ಕೆ ವಾಪಸು ಬಂತು. ಸೋಮವಾರ ಬೆಳಿಗ್ಗೆ ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ರಾಹುಕಾಲದಲ್ಲಿ ಒಬ್ಬನೇ ಹಾಕಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮೂರು ಗೆರೆ ಬಿತ್ತು. ಮಂಗಳವಾರ ಪೇಪರ್ ಮಡಿಸಿ ತಲೆಯೆತ್ತುವಷ್ಟರಲ್ಲಿ ಕಟ್ಟೆ ಖಾಲಿ. ಪಕ್ಕದ ಮನೆಯ ಹೆಂಚಿನ ಮೇಲೆ ಕೂತು ನನ್ನನ್ನು ನೋಡುತ್ತಿತ್ತು. ರಾತ್ರಿ ಅಟ್ಟ ಹತ್ತಿತು. ಬುಧವಾರವೂ ಅದೇ ಹೆಂಚು, ಅದೇ ಅಟ್ಟ. ಒಂಬತ್ತರ ಹೊತ್ತಿಗೆ ತಾನಾಗಿ ಇಳಿದು ಬಂದು ಊಟ ಕೇಳುತ್ತಿತ್ತು. ಆಗಲಾದರೂ ಹಾಕೋಣವೆಂದು ಅಕ್ಕ ಅಂದಳು. ಕೂಡದು ಎಂದೆ. ತಡವಾಗಿ ಬಂದವರಿಗೆ ಹಾಜರಿ ಕೊಟ್ಟು ನನಗೆ ಅಭ್ಯಾಸವಿಲ್ಲ.

ಗುರುವಾರ ಕಿವಿಯಿಂದ ಕೆಟ್ಟ ವಾಸನೆ ಬಂತು. ಅಕ್ಕ ಡಾಕ್ಟರಿಗೆ ಫೋನ್ ಮಾಡಿದಳು. ಹೊತ್ತು ಹಿಂದುಮುಂದಾದರೂ ಪರವಾಗಿಲ್ಲ, ತಪ್ಪಬಾರದು, ಇನ್ನೆರಡು ದಿನ ಹೀಗೇ ಆದರೆ ಇಂಜೆಕ್ಷನ್ನೇ ಗತಿ ಎಂದರಂತೆ. ಫೋನಿಟ್ಟವಳೇ ನನ್ನ ಕೈಯಿಂದ ಔಷಧಿಯ ಬಾಟಲಿ ಕಿತ್ತುಕೊಂಡಳು.

"ಇದು ಕಣ್ಮುಚ್ಕೊಂಡ್ರೆ ನಿನ್ನ ಎಂಟು ಗಂಟೆ ಇಟ್ಕೊಂಡು ನಾನೇನ್ ಮಾಡ್ಲಿ? ಬಿಟ್ಬಿಡು ನೀನು."

ಅವಳ ವೇಳಾಪಟ್ಟಿ ಕ್ಯಾಲೆಂಡರಿನದು. ಗುರುವಾರ ಹನ್ನೊಂದಕ್ಕೆ, ಶುಕ್ರವಾರ ಆರೂಕಾಲಿಗೆ, ಶನಿವಾರ ಹನ್ನೊಂದೂವರೆಗೆ. ದೀಪ ಹಚ್ಚುವ ಹೊತ್ತಿನಲ್ಲಿ ಔಷಧಿ ಕೂಡದು, ಆದ್ದರಿಂದ ಸಂಜೆಯದು ಒಂದು ದಿನ ಐದಕ್ಕೆ, ಇನ್ನೊಂದು ದಿನ ಒಂಬತ್ತಕ್ಕೆ. ಟವೆಲ್ ಕೂಡ ಬೇಕಾಗಲಿಲ್ಲ, ಸೆರಗಿನಲ್ಲೇ ಸುತ್ತುತ್ತಿದ್ದಳು. ಬೆಕ್ಕು ಎಂಟಕ್ಕೆ ಹತ್ತು ನಿಮಿಷವಿರುವಾಗ ತಪ್ಪದೆ ಹೆಂಚು ಹತ್ತುತ್ತಿತ್ತು. ಗಂಡಾಂತರ ಕಳೆಯಿತೆಂದುಕೊಂಡು ಇಳಿದು ಬಂದು ಮಲಗುತ್ತಿತ್ತು. ಮಲಗಿದ್ದಲ್ಲೇ ಸಿಕ್ಕಿಬೀಳುತ್ತಿತ್ತು. ರಾಹುಕಾಲ ಅದಕ್ಕೆ ಬಾಯಿಪಾಠವಾಗಿರಲಿಲ್ಲ, ಬಾಯಿಪಾಠವಾಗಿದ್ದದ್ದು ನನ್ನ ಎಂಟು ಗಂಟೆ.

ಇಷ್ಟರಿಂದಲೇ ಪಂಚಾಂಗ ನಿಜವೆಂದು ಸಾಬೀತಾಗುವುದಿಲ್ಲ ಎಂದು ಅಕ್ಕನಿಗೆ ತಿಳಿಸಿದೆ.

"ಸಾಬೀತು ಯಾರಿಗ್ ಬೇಕೋ, ಹಿಂದಿನ ಕಾಲು ಹಿಡ್ಕೋ" ಅಂದಳು.

ಹಿಡಿದುಕೊಂಡೆ. ಅದು ನನ್ನ ಕಡೆಗೆ ನೋಡಿದ ನೋಟದಲ್ಲಿ, ನಿವೃತ್ತ ನೌಕರನ ಬಗ್ಗೆ ಇರಬೇಕಾದ ಗೌರವ ಎಳ್ಳಷ್ಟೂ ಇರಲಿಲ್ಲ.

ಎರಡು ವಾರ ಮುಗಿದ ಮೇಲೆ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಸೋಂಕು ಹೋಗಿತ್ತು. ಇಂಜೆಕ್ಷನ್ ಬೇಕಾಗಲಿಲ್ಲ.