ಕಾಕಾ ಹೇಳಿದ ‘ತಗಿ’

ದಾವಲ್‌ಸಾಬ ಕಾಕಾ ಮನುಷ್ಯರಿಗೆ ‘ಲೇ’ ಅನ್ನುತ್ತಿದ್ದರು, ಕಂಪ್ಯೂಟರಿಗೆ ‘ರೀ’. ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು, ಸರ್ವರ್ ಇಟ್ಟ ಕೋಣೆಯ ಬಾಗಿಲು ಬಡಿದು, “ಏಳ್ರೀ ಸಾಹೇಬ್ರ, ಮಂದಿ ಬಂದಾರ” ಎಂದೇ ಒಳಗೆ ಹೋಗುವರು. ಅದೇ ಬಾಯಿಂದ ನನಗೆ, “ಲೇ, ಮಿರ್ಚಿ ತಿಂದ ಕೈ ಒರಿಸ್ಕೊಂಡ ಮುಟ್ಟ!”

ಗುಡಗೇರಿಯಲ್ಲಿ ನಮ್ಮದು ಒಣಮೆಣಸಿನಕಾಯಿ ಮಾರುವ ರೈತರ ಸಂಘ. ಅದರ ಮೇಲ್‌ಗಳೆಲ್ಲ ಆ ಒಂದು ಸರ್ವರ್‌ನಲ್ಲಿದ್ದವು. ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾಗಿ ಬಂದ ಕಾಕಾ ಅದಕ್ಕೆ ಯಜಮಾನರು. ನಾನು ಅವರ ಕೈಕೆಳಗಿನ ಮಹಾ ಎಂಜಿನಿಯರು. ವಿನಯ ಅವರಿಗೂ ಇರಲಿಲ್ಲ. “ನನ್ನಂಥಾವ ಇನ್ನೊಬ್ಬ ಇದ್ರ ತೋರಸ, ಅವನ ಕಾಲಿಗೆ ಬೀಳತೇನಿ” ಎಂದು ಎದೆ ತಟ್ಟಿಕೊಳ್ಳುತ್ತಿದ್ದರು.

ಕಾಕಾ ಮದುವೆಯೊಂದಕ್ಕೆ ಸಂಶಿಗೆ ಹೋದ ದಿನ ಮಧ್ಯಾಹ್ನ, ಕುಬಿಹಾಳದ ರೈತರ ಕಾಯಿಗೆ ಮಾತಾಡಿದ ದರ ಒಪ್ಪಿ ದೂರದ ವ್ಯಾಪಾರಿಯ ಮೇಲ್ ಬಂತು. ನಾನು ಓದಿ ಹಿಗ್ಗುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಹೊಸದು ತರಿಸುವ ಜವಾಬ್ದಾರಿ ಯಾರದೆಂದು ಕೇಳಬೇಡಿ. ಕರೆಂಟು ಬಂದ ಮೇಲೆ ಸರ್ವರ್ ಎದ್ದಿತು, ಮೇಲ್‌ನ ಡೇಟಾಬೇಸ್ ಏಳಲಿಲ್ಲ. ಅಷ್ಟರಲ್ಲಿ ಪೇಟೆಯಲ್ಲಿ ದರ ಕುಸಿಯುತ್ತಿತ್ತು. ಒಪ್ಪಿಗೆಯನ್ನು ಇನ್ನೊಮ್ಮೆ ಕಳಿಸಿ ಎಂದರೆ ಆ ಮನುಷ್ಯ ಮಾತು ತಿರುಗಿಸುವುದು ಖಂಡಿತ. ರೈತರ ವರ್ಷದ ಬೆಳೆ ಆ ಒಂದು ಮೇಲ್‌ಗೆ ಜೋತುಬಿದ್ದಿತ್ತು.

ಕಾಕಾಗೆ ಫೋನ್ ಮಾಡಿದೆ. ಬ್ಯಾಂಡಿನ ಗದ್ದಲದಲ್ಲಿ ಕೇಳಿಸಿದ್ದು ಇಷ್ಟೇ: “ಲಾಗ್ ತಗಿ! ನಾ ಬರತೇನಿ.”

ಸರ್ವರ್ ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಕಡತಗಳು ಡಿಸ್ಕಿನಲ್ಲಿ ಜಾಗ ತಿನ್ನುತ್ತವೆಂದು ಎಲ್ಲೋ ಓದಿದ್ದೆ. ಇದೇ ಕಾರಣವಿರಬೇಕೆಂದು ತಲೆದೂಗಿ, ಒಂದನ್ನೂ ಬಿಡದೆ ತೆಗೆದುಹಾಕಿದೆ.

ಕಾಕಾ ಅತ್ತರಿನ ಘಮದೊಂದಿಗೆ ಬಂದರು.

“ಲಾಗ್ ತಗದೇನ?”

“ತಗದೇನ್ರಿ ಕಾಕಾ. ಎಲ್ಲಾ ಸ್ವಚ್ಛ.”

“ಸ್ವಚ್ಛ ಅಂದ್ರ?”

“ಡಿಲೀಟ್ ಮಾಡೇನ್ರಿ.”

ಅವರು ಕುರ್ಚಿಯ ಮೇಲೆ ಕುಸಿದರು. “ಲೇ ಹುಚ್ಚಪ್ಯಾಲಿ! ಬಾಗಿಲಾ ತಗಿ ಅಂದ್ರ ಕಿತ್ತ ಒಗೀತೀ ಏನ? ತಗದ ನೋಡ ಅಂದೆ! ಗಿರಣಿ ನಡಬರಕ ಬಂದಾದ್ರ ಬೀಸಿದ ಹಿಟ್ಟ ಗಿರಣಿಯೊಳಗ ಉಳೀತೈತಿ, ಡಬ್ಬಿಗೆ ಬಿದ್ದಿರಂಗಿಲ್ಲ. ಲಾಗ್ ಅಂದ್ರ ಆ ಹಿಟ್ಟ, ಆ ವ್ಯಾಪಾರಿ ಮೇಲ್ ಅದರಾಗ ಐತಿ!”

ಆಗ ನನ್ನ ಪುಕ್ಕಲುತನವೇ ನನ್ನನ್ನು ಕಾಪಾಡಿತು. ಯಾವುದನ್ನೂ ಪೂರ್ತಿ ಅಳಿಸುವ ಧೈರ್ಯ ನನಗೆ ಎಂದೂ ಇರಲಿಲ್ಲ.

“ಕಂಪ್ಯೂಟರಿನ ಕಸದ ಬುಟ್ಟಿಯೊಳಗ ಅದಾವ್ರಿ.”

ಕಾಕಾ ಅವನ್ನು ಹೆಕ್ಕಿ ಮೊದಲಿನ ಜಾಗಕ್ಕೆ ಇಟ್ಟರು. ಕೆಟ್ಟ ಡೇಟಾಬೇಸನ್ನು ಇದ್ದಂತೆಯೇ ನಕಲು ಮಾಡಿಕೊಂಡು, ರಿಕವರಿ ಕೊಟ್ಟು, “ಸಾವಕಾಶ ಏಳ್ರಿ, ಗಡಿಬಿಡಿ ಇಲ್ಲ” ಎಂದು ಪೆಟ್ಟಿಗೆಯ ಬೆನ್ನು ಸವರಿದರು. ಕೊನೆಗೆ ಡೇಟಾಬೇಸ್ ಎದ್ದಿತು. ವ್ಯಾಪಾರಿಯ ಒಪ್ಪಿಗೆ ಎಲ್ಲಕ್ಕಿಂತ ಮೇಲೆ ಕೂತಿತ್ತು. ನಾನು ಅಳುತ್ತಿದ್ದೆ.

“ನಂದೂ ತಪ್ಪೈತಿ” ಎಂದರು ಕಾಕಾ. “ನಿನ್ನಂಥಾವಗ ‘ತಗಿ’ ಅನಬಾರದಿತ್ತ.” ಆಮೇಲೆ ಊಟದ ಡಬ್ಬಿ ಕಂಡರೂ ಕೇಳುತ್ತಿದ್ದರು, “ತಗೀಲೇನ? ನಿನ್ನ ಅರ್ಥದಾಗೋ, ನನ್ನ ಅರ್ಥದಾಗೋ?”

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ, “ಖಿಡಕಿ ತಗಿ” ಎಂದವರು, ತಕ್ಷಣ ಕೈಯೆತ್ತಿ, “ಮತ್ತ ಕಿತ್ತ ಒಗದೀಯಲೇ!” ಎಂದು ಕೆಮ್ಮುತ್ತ ನಕ್ಕಿದ್ದರು.

ಮೊನ್ನೆ ನಮ್ಮ ಕಾರ್ಯದರ್ಶಿ ಹೇಳಿದರು, “ದಾವಲ್‌ಸಾಬರ ಮೇಲ್ ಅಕೌಂಟ್ ಇನ್ನೂ ಹಂಗ ಐತಲ್ಲ, ತಗೀರಿ.”

ಸರ್ವರ್ ಕೋಣೆಯ ಬಾಗಿಲು ಬಡಿದು ಒಳಗೆ ಹೋಗಿ ತೆಗೆದೆ. ಒಳಗೆ ಸಾಲಾಗಿ ನನ್ನವೇ ಮೇಲ್‌ಗಳು: “ಕಾಕಾ, ಪ್ರಿಂಟರ್ ಏಳವಲ್ದು”, “ಕಾಕಾ, ಏನ್ ಮಾಡ್ಲಿ”, “ಕಾಕಾ, ಲಗೂನ ಬರ್ರಿ”.

ಸಂಜೆ ಕಾರ್ಯದರ್ಶಿ, “ತಗದ್ರೇನ?” ಎಂದು ಕೇಳಿದರು.

“ತಗದೇನ್ರಿ” ಎಂದೆ. ಈ ಸಲ ಕಾಕಾನ ಅರ್ಥದಲ್ಲಿ.